ಎರಡು ಸೆನ್ಸರ್‌ಗಳ ಸಾಕ್ಷ್ಯ, ಒಂದು ತೀರ್ಮಾನ: ಓದುಗರ ಪ್ರಶ್ನೆಗಳಿಗೆ ಉತ್ತರ

ಮನೆಯ ದೀಪ, ಫ್ಯಾನು, ಮೋಟರುಗಳನ್ನು ಸೆನ್ಸರ್‌ಗಳ ಸೂಚನೆಯಂತೆ ನಡೆಸುವ ನಿಯಮಗಳ ಬಗ್ಗೆ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಡಕನ್ನು ಹೇಳುತ್ತವೆ. ಒಂದು ಸೆನ್ಸರ್ ಇದ್ದಾಗ ಸರಿಯಾಗಿ ನಡೆಯುತ್ತಿದ್ದ ವ್ಯವಸ್ಥೆಯು ಎರಡನೆಯದನ್ನು ಸೇರಿಸಿದ ಕೂಡಲೇ ಹಾದಿ ತಪ್ಪುತ್ತದೆ ಎಂಬುದೇ ಆ ತೊಡಕು. ಅಂಥ ಏಳು ಪತ್ರಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ಬರೆದವರಲ್ಲಿ ಹಲವರು ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತಿರುವುದರಿಂದ ಅದರ ಪರಿಭಾಷೆಯನ್ನೇ ಇಟ್ಟುಕೊಂಡಿದ್ದೇನೆ. ನಿಯಮವನ್ನು ಎಬ್ಬಿಸುವುದು ಟ್ರಿಗರ್, ಎದ್ದ ಮೇಲೆ ಅದು ಪರೀಕ್ಷಿಸುವುದು ಷರತ್ತು, ಕೊನೆಗೆ ಮಾಡುವ ಕೆಲಸ ಕ್ರಿಯೆ. ಬೇರೆ ಆ್ಯಪ್‌ಗಳಲ್ಲಿ ಹೆಸರುಗಳು ಬೇರೆಯಾದರೂ ಒಳಗಿನ ತರ್ಕ ಬಹುಮಟ್ಟಿಗೆ ಇದೇ.

ಪ್ರಶ್ನೆ: ನಮ್ಮ ಮನೆಗೆ ಕಾವೇರಿ ನೀರು ದಿನ ಬಿಟ್ಟು ದಿನ ಬೆಳಗಿನ ಹೊತ್ತು ಬರುತ್ತದೆ. ಮೇಲಿನ ಟ್ಯಾಂಕಿನ ನೀರು ಶೇ 30ಕ್ಕಿಂತ ಕೆಳಗಿಳಿದಾಗ, ಸಂಪಿನಲ್ಲಿ ಶೇ 20ಕ್ಕಿಂತ ಹೆಚ್ಚು ನೀರಿದ್ದು, ವೋಲ್ಟೇಜ್ ಕೂಡ ಸರಿಯಾಗಿದ್ದರೆ ಮೋಟರು ತಾನಾಗಿ ಓಡಬೇಕೆಂದು ನಿಯಮ ಬರೆದಿದ್ದೇನೆ. ಕೆಲವು ದಿನ ಸರಿಯಾಗಿ ಓಡುತ್ತದೆ. ಕೆಲವು ದಿನ ಮೂರೂ ಸರಿಯಿದ್ದರೂ ಸುಮ್ಮನೆ ಕೂತಿರುತ್ತದೆ. ದೋಷ ಸೆನ್ಸರ್‌ನದೋ, ತಂತ್ರಾಂಶದ್ದೋ?
— ಓದುಗರು, ವಿಜಯನಗರ, ಬೆಂಗಳೂರು

ಉತ್ತರ: ಎರಡರದ್ದೂ ಅಲ್ಲ, ನಿಯಮದ್ದು. ಕುಕ್ಕರ್ ಕೂಗುವುದು ಒಂದು ಘಟನೆ; ಕುಕ್ಕರ್ ಬಿಸಿಯಾಗಿರುವುದು ಒಂದು ಸ್ಥಿತಿ. ಕೂಗಿದಾಗ ಅಡುಗೆಮನೆಯಲ್ಲಿ ಯಾರೂ ಇರದಿದ್ದರೆ, ಆಮೇಲೆ ಬಂದವರಿಗೆ ಆ ಕೂಗು ಕೇಳಿಸುವುದಿಲ್ಲ, ಆದರೆ ಮುಟ್ಟಿ ನೋಡಿದರೆ ಬಿಸಿ ತಿಳಿಯುತ್ತದೆ. ಟ್ರಿಗರ್ ಎನ್ನುವುದು ಕೂಗು, ಷರತ್ತು ಎನ್ನುವುದು ಬಿಸಿ. ನಿಮ್ಮ ನಿಯಮದಲ್ಲಿ ‘ಟ್ಯಾಂಕ್ ಶೇ 30ಕ್ಕಿಂತ ಕಡಿಮೆ’ ಎಂಬುದೊಂದೇ ಟ್ರಿಗರ್, ಉಳಿದೆರಡು ಷರತ್ತುಗಳು. ಸಂಖ್ಯೆಯ ಟ್ರಿಗರ್ ಆ ಗಡಿಯನ್ನು ದಾಟುವ ಗಳಿಗೆಯಲ್ಲಿ ಮಾತ್ರ ಎಚ್ಚರಗೊಳ್ಳುತ್ತದೆ. ಗಡಿಯ ಕೆಳಗೆ ಎಷ್ಟು ಹೊತ್ತು ಇದ್ದರೂ ಮತ್ತೆ ಕೂಗುವುದಿಲ್ಲ.

ಈಗ ನಿಮ್ಮ ‘ಕೆಲವು ದಿನ’ಗಳನ್ನು ನೋಡೋಣ. ಬೆಳಿಗ್ಗೆ ಐದಕ್ಕೆ ಯಾರೋ ಸ್ನಾನ ಮಾಡಿದಾಗ ಟ್ಯಾಂಕ್ ಶೇ 30ರ ಗಡಿ ದಾಟಿತು, ನಿಯಮ ಎದ್ದಿತು, ಸಂಪು ಬರಿದಾಗಿರುವುದನ್ನು ಕಂಡು ಮಲಗಿತು. ಏಳಕ್ಕೆ ನೀರು ಬಂದು ಸಂಪು ತುಂಬಿತು. ಆದರೆ ಟ್ಯಾಂಕ್ ಆಗಲೇ ಗಡಿಯ ಕೆಳಗಿರುವುದರಿಂದ ಹೊಸದಾಗಿ ದಾಟಲು ಏನೂ ಉಳಿದಿಲ್ಲ, ಸಂಪು ತುಂಬಿದ್ದನ್ನು ಕೇಳುವವರೂ ಇಲ್ಲ. ನೀರು ಮೊದಲೇ ಬಂದು ಟ್ಯಾಂಕ್ ಆಮೇಲೆ ಇಳಿದ ದಿನಗಳಲ್ಲಿ ಮಾತ್ರ ಮೋಟರು ಓಡಿದೆ.

ಪರಿಹಾರ ಹೀಗೆ: ಮೂರು ಸಂಗತಿಗಳನ್ನೂ ಟ್ರಿಗರ್ ಮಾಡಿ, ಅದೇ ಮೂರನ್ನೂ ಷರತ್ತಿನಲ್ಲಿ ಮತ್ತೆ ಬರೆಯಿರಿ. ಹೋಮ್ ಅಸಿಸ್ಟೆಂಟಿನಲ್ಲಿ ಹಲವು ಟ್ರಿಗರ್‌ಗಳಿದ್ದರೆ ಅವುಗಳ ನಡುವೆ ಇರುವುದು ‘ಅಥವಾ’; ಹಲವು ಷರತ್ತುಗಳಿದ್ದರೆ, ನೀವಾಗಿ ಬದಲಿಸದ ಹೊರತು, ಅವುಗಳ ನಡುವೆ ಇರುವುದು ‘ಮತ್ತು’. ಹಾಗಾಗಿ ಮೂರರಲ್ಲಿ ಯಾವುದು ಕೊನೆಗೆ ಸರಿಹೋದರೂ ನಿಯಮ ಎದ್ದು ಉಳಿದೆರಡನ್ನೂ ವಿಚಾರಿಸಿಕೊಳ್ಳುತ್ತದೆ. ಎರಡು ಟ್ರಿಗರ್‌ಗಳನ್ನು ಬರೆದು ಅವು ‘ಮತ್ತು’ ಎಂದು ಕೂಡುತ್ತವೆಂದು ಕಾಯುವುದು ಈ ಕ್ಷೇತ್ರದ ಅತ್ಯಂತ ಸಾಮಾನ್ಯ ತಪ್ಪು. ಎರಡು ಗಳಿಗೆಗಳು ಸರಿಯಾಗಿ ಒಂದೇ ಕ್ಷಣದಲ್ಲಿ ಬೀಳುವುದು ಹೆಚ್ಚುಕಡಿಮೆ ಅಸಾಧ್ಯ. ನನಗೆ ಹೆಚ್ಚು ಹಿಡಿಸುವ ಇನ್ನೊಂದು ದಾರಿಯೆಂದರೆ, ಮೂರು ಸ್ಥಿತಿಗಳನ್ನೂ ಕೂಡಿಸಿ ‘ಮೋಟರು ಹಾಕಬಹುದು’ ಎಂಬ ಒಂದು ಕಾಲ್ಪನಿಕ ಸೆನ್ಸರ್ ಮಾಡಿಕೊಂಡು, ಅದು ಎರಡು ನಿಮಿಷ ಬಿಡದೆ ‘ಹೌದು’ ಎಂದಾಗ ಮೋಟರು ಓಡುವಂತೆ ಬರೆಯುವುದು. ತಪ್ಪಾದ ದಿನ ಆ ಸೆನ್ಸರ್‌ನ ಇತಿಹಾಸ ತೆರೆದರೆ ಯಾವ ಹೊತ್ತಿನಲ್ಲಿ ಏನು ಕೈಕೊಟ್ಟಿತು ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ.

ನಿಲ್ಲಿಸುವ ನಿಯಮವನ್ನು ಮಾತ್ರ ಇದರ ತದ್ವಿರುದ್ಧವಾಗಿ ಬರೆಯಬೇಕು. ಟ್ಯಾಂಕ್ ಶೇ 95 ಮುಟ್ಟಿದರೆ, ಅಥವಾ ಸಂಪು ಶೇ 10ಕ್ಕೆ ಇಳಿದರೆ, ಅಥವಾ ವೋಲ್ಟೇಜ್ ಕುಸಿದರೆ, ಅಥವಾ ನಲವತ್ತು ನಿಮಿಷ ಓಡಿಯೂ ಟ್ಯಾಂಕ್ ತುಂಬದಿದ್ದರೆ, ಯಾವುದೇ ಒಂದು ಸಾಕು, ಮೋಟರು ನಿಲ್ಲಬೇಕು. ಚಾಲೂ ಮಾಡಲು ಎಲ್ಲರ ಒಪ್ಪಿಗೆ, ನಿಲ್ಲಿಸಲು ಯಾರೊಬ್ಬರ ಆಕ್ಷೇಪ. ಹಾಕುವ ಗಡಿಗೂ ನಿಲ್ಲಿಸುವ ಗಡಿಗೂ ನಡುವೆ ಅಂತರ ಇರಲೇಬೇಕು. ಮುಖ್ಯವಾಗಿ ವೋಲ್ಟೇಜಿನಲ್ಲಿ: ಮೋಟರು ಹೊರಡುವಾಗ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುವುದರಿಂದ ಮನೆಯ ವೋಲ್ಟೇಜನ್ನು ತಾನೇ ಕೆಳಗಿಳಿಸುತ್ತದೆ. ಹಾಕಲೂ ನಿಲ್ಲಿಸಲೂ ಒಂದೇ 200 ವೋಲ್ಟಿನ ಗಡಿಯಿಟ್ಟರೆ ಮೋಟರು ಹೊರಟು, ವೋಲ್ಟೇಜ್ ಕುಸಿದು, ಮೋಟರು ನಿಂತು, ವೋಲ್ಟೇಜ್ ಏರಿ, ಮತ್ತೆ ಮೋಟರು ಹೊರಡುವ ಆಟ ಶುರುವಾಗುತ್ತದೆ. ಹಾಕಲು 210, ನಿಲ್ಲಿಸಲು 190 ಎಂದಿಟ್ಟು, ಮೊದಲ ಹತ್ತು ಸೆಕೆಂಡಿನ ಕುಸಿತವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಒಮ್ಮೆ ನಿಂತ ಮೇಲೆ ಹತ್ತು ನಿಮಿಷ ವಿಶ್ರಾಂತಿ ಕೊಡಿ.

ಇಷ್ಟಾದರೂ ತಂತ್ರಾಂಶವನ್ನೇ ನಂಬಿ ಕೂರಬೇಡಿ. ಸಂಪಿನಲ್ಲಿ ಹಳೆಯ ಕಾಲದ ಫ್ಲೋಟ್ ಸ್ವಿಚ್ (ನೀರಿನ ಮೇಲೆ ತೇಲುತ್ತ, ನೀರು ಇಳಿದಾಗ ತಾನೇ ಆರುವ ಸ್ವಿಚ್) ಒಂದನ್ನು ಇಳಿಬಿಟ್ಟು, ಅದನ್ನು ಕಂಟ್ಯಾಕ್ಟರಿನ (ಮೋಟರಿನ ಭಾರಿ ಕರೆಂಟನ್ನು ತಾಳುವ ದೊಡ್ಡ ವಿದ್ಯುತ್ ಸ್ವಿಚ್ಚಿನ) ಕಾಯಿಲ್‌ಗೆ ಹೋಗುವ ತಂತಿಯಲ್ಲಿ ಸೀರೀಸ್ ಆಗಿ ಹಾಕಿಸಿ. ಸೀರೀಸ್ (ಒಂದರ ಹಿಂದೊಂದು) ಎಂದರೆ ‘ಮತ್ತು’, ಪ್ಯಾರಲಲ್ (ಅಕ್ಕಪಕ್ಕ) ಎಂದರೆ ‘ಅಥವಾ’. ಸ್ವಿಚ್ಚುಗಳ ಜೋಡಣೆಗೂ ಗಣಿತಜ್ಞ ಜಾರ್ಜ್ ಬೂಲ್‌ನ ‘ಹೌದು–ಅಲ್ಲ’ಗಳ ಬೀಜಗಣಿತಕ್ಕೂ ಇರುವ ಈ ನಂಟನ್ನು ಅಮೆರಿಕದ ಎಂಜಿನಿಯರ್ ಕ್ಲಾಡ್ ಶಾನನ್ 1937ರಲ್ಲಿ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ ಬಿಡಿಸಿ ತೋರಿಸಿದ. ನಮ್ಮ ಎಲೆಕ್ಟ್ರೀಷಿಯನ್ನರು ಆ ಪ್ರಬಂಧವನ್ನು ಓದದೆಯೇ ಅದನ್ನು ದಿನವೂ ಆಚರಿಸುತ್ತಾರೆ. ವೈಫೈ ಸತ್ತಿದ್ದರೂ, ನಿಯಮ ತಪ್ಪಿದ್ದರೂ ಆ ಫ್ಲೋಟ್ ನಿಮ್ಮ ಮೋಟರನ್ನು ಒಣ ಓಟದಿಂದ ಉಳಿಸುತ್ತದೆ. ಹಾಗೆಯೇ ಚಿಕ್ಕ ವೈಫೈ ರಿಲೇಯಿಂದ (ತಂತ್ರಾಂಶದ ಆಜ್ಞೆಯಂತೆ ನಡೆಯುವ ಸಣ್ಣ ಸ್ವಿಚ್ಚಿನಿಂದ) ನೇರವಾಗಿ ಮೋಟರನ್ನು ನಡೆಸಬೇಡಿ. ರಿಲೇ ಕಂಟ್ಯಾಕ್ಟರನ್ನು ನಡೆಸಲಿ, ಕಂಟ್ಯಾಕ್ಟರು ಮೋಟರನ್ನು ನಡೆಸಲಿ.

ಪ್ರಶ್ನೆ: ನನ್ನ ಓದುವ ಕೋಣೆಯ ದೀಪಕ್ಕೆ ಚಲನೆ ಗುರುತಿಸುವ ಪಿಐಆರ್ ಸೆನ್ಸರ್ ಹಾಕಿದ್ದೇನೆ. ಪುಸ್ತಕ ಹಿಡಿದು ಕೂತ ಐದು ನಿಮಿಷಕ್ಕೆ ದೀಪ ಆರಿಹೋಗುತ್ತದೆ, ಕೈ ಬೀಸಿದರೆ ಹತ್ತುತ್ತದೆ; ಬೇಸಿಗೆಯಲ್ಲಿ ಕೈ ಬೀಸಿದರೂ ಕೆಲವೊಮ್ಮೆ ಹತ್ತುವುದಿಲ್ಲ. ಮಗ ರೇಡಾರ್ ಸೆನ್ಸರ್ ತಂದು ಹಾಕಿದ. ಈಗ ಕೋಣೆಯಲ್ಲಿ ಯಾರೂ ಇಲ್ಲದಿದ್ದರೂ ದೀಪ ಉರಿಯುತ್ತಲೇ ಇರುತ್ತದೆ. ಎರಡನ್ನೂ ಕೂಡಿಸಿದರೆ ಉಪಯೋಗವುಂಟೆ?
— ನಿವೃತ್ತ ಶಿಕ್ಷಕರು, ಕಲಬುರಗಿ

ಉತ್ತರ: ಖಂಡಿತ ಉಂಟು, ಏಕೆಂದರೆ ಎರಡೂ ತಪ್ಪುವುದು ವಿರುದ್ಧ ದಿಕ್ಕುಗಳಲ್ಲಿ. ಪಿಐಆರ್ ನೋಡುವುದು ನಿಮ್ಮ ಮೈಯಿಂದ ಹೊರಡುವ, ಸುಮಾರು 10 ಮೈಕ್ರೊಮೀಟರ್ ತರಂಗಾಂತರದ ಅವಕೆಂಪು ಕಿರಣಗಳನ್ನು. ಅದರೊಳಗಿನ ಎರಡು ಅರ್ಧಗಳು ಒಂದಕ್ಕೊಂದು ವಿರುದ್ಧವಾಗಿ ಜೋಡಣೆಗೊಂಡಿರುವುದರಿಂದ, ಶಾಖದ ಆಕೃತಿಯೊಂದು ಒಂದು ಅರ್ಧದಿಂದ ಇನ್ನೊಂದಕ್ಕೆ ಸರಿದಾಗ ಮಾತ್ರ ಸಂಕೇತ ಹುಟ್ಟುತ್ತದೆ. ಕದಲದೆ ಕೂತವರು ಅದರ ಪಾಲಿಗೆ ಗೋಡೆಯಂತೆಯೇ. ಇನ್ನು ನಿಮ್ಮ ಊರಿನ ಮೇ ತಿಂಗಳಿನಲ್ಲಿ ಗೋಡೆ, ನೆಲಗಳ ಉಷ್ಣತೆ ಚರ್ಮದ ಉಷ್ಣತೆಯಾದ 33–35 ಡಿಗ್ರಿಯ ಸಮೀಪಕ್ಕೆ ಬಂದಾಗ ನೀವೂ ಗೋಡೆಯೂ ಅದಕ್ಕೆ ಒಂದೇ ಆಗಿ ಕಾಣುತ್ತೀರಿ. ಸೆನ್ಸರ್ ಕೆಟ್ಟಿಲ್ಲ, ಅದರ ಕಣ್ಣಿಗೆ ವ್ಯತ್ಯಾಸ ಸಿಗುತ್ತಿಲ್ಲ.

ರೇಡಾರ್ ಸೆನ್ಸರ್ ಸಾಮಾನ್ಯವಾಗಿ 24 ಅಥವಾ 60 ಗಿಗಾಹರ್ಟ್ಸ್‌ನ ತರಂಗಗಳನ್ನು ಕಳಿಸಿ ಮರುಧ್ವನಿಯಲ್ಲಾಗುವ ಬದಲಾವಣೆಯನ್ನು ನೋಡುತ್ತದೆ. ಉಸಿರಾಡುವಾಗ ಎದೆ ಏರಿಳಿಯುವುದೂ ಅದಕ್ಕೆ ತಿಳಿಯುತ್ತದೆ. ದುರದೃಷ್ಟಕ್ಕೆ ಸೀಲಿಂಗ್ ಫ್ಯಾನು ತಿರುಗುವುದು, ಗಾಳಿಗೆ ಪರದೆ ಆಡುವುದು, ತೆಳು ಪ್ಲೈವುಡ್ಡಿನ ಆಚೆ ಯಾರೋ ನಡೆಯುವುದೂ ತಿಳಿಯುತ್ತದೆ. ಯಾರೂ ಇಲ್ಲದ ಕೋಣೆಯಲ್ಲಿ ನಿಮ್ಮ ದೀಪವನ್ನು ಉರಿಸುತ್ತಿರುವುದು ಬಹುಶಃ ಆರಿಸದೆ ಬಿಟ್ಟ ಫ್ಯಾನು.

ಹಾಗಾದ್ದರಿಂದ ಹೊತ್ತಿಸುವ ಅಧಿಕಾರವನ್ನು ಪಿಐಆರ್‌ಗೆ ಮಾತ್ರ ಕೊಡಿ. ಬಾಗಿಲಿಗೆ ಅಡ್ಡಲಾಗಿ ನಡೆದವರನ್ನು ಅದು ಥಟ್ಟನೆ ಗುರುತಿಸುತ್ತದೆ, ಫ್ಯಾನಿಗೆ ಮರುಳಾಗುವುದಿಲ್ಲ. ಹೊತ್ತಿದ ದೀಪವನ್ನು ಉಳಿಸಿಕೊಳ್ಳುವ ಅಧಿಕಾರ ಎರಡಕ್ಕೂ ಇರಲಿ: ಇದು ಕಂಡರೂ ಸರಿ, ಅದು ಕಂಡರೂ ಸರಿ, ಕೋಣೆಯಲ್ಲಿ ಜನ ಇದ್ದಾರೆ. ಆರಿಸಬೇಕಾದರೆ ಎರಡೂ ಸೆನ್ಸರ್‌ಗಳು ಮೂರು ನಿಮಿಷ ಒಟ್ಟಿಗೆ ‘ಇಲ್ಲ’ ಎನ್ನಬೇಕು. ‘ಇದು ಅಥವಾ ಅದು’ ಎಂಬುದನ್ನು ನಿರಾಕರಿಸಿದರೆ ‘ಇದೂ ಅಲ್ಲ, ಮತ್ತು ಅದೂ ಅಲ್ಲ’ ಎಂದಾಗುತ್ತದೆ ಎಂಬ ಈ ಸೂತ್ರಕ್ಕೆ ಡಿ ಮಾರ್ಗನ್ ನಿಯಮವೆಂದು ಹೆಸರು. ನೀವು ಶಿಕ್ಷಕರಾದ್ದರಿಂದ ಒಂದು ಮಾತು ಸೇರಿಸುತ್ತೇನೆ: ಆಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು 1806ರಲ್ಲಿ, ನಮ್ಮ ನೆರೆಯ ಮದುರೆಯಲ್ಲಿ. ಆರಿಸುವ ನಿಯಮದಲ್ಲಿ ‘ಅಥವಾ’ವನ್ನೇ ಉಳಿಸಿಕೊಂಡು ಒದ್ದಾಡುವವರು ಇಷ್ಟು ಜನರಿದ್ದಾರಲ್ಲ ಎಂದು ಪ್ರತಿ ತಿಂಗಳ ಪತ್ರಗಳನ್ನು ನೋಡುವಾಗ ನನಗೆ ಅನ್ನಿಸುತ್ತದೆ.

ಫ್ಯಾನಿನ ಕಾಟಕ್ಕೆ ಇನ್ನೊಂದು ಷರತ್ತು ಬೇಕು. ಫ್ಯಾನು ಓಡುತ್ತಿದ್ದು, ಪಿಐಆರ್ ನಲವತ್ತೈದು ನಿಮಿಷ ಏನನ್ನೂ ಕಾಣದಿದ್ದರೆ ರೇಡಾರಿನ ಮಾತನ್ನು ಬದಿಗಿಟ್ಟು ದೀಪ ಆರಿಸಬಹುದು. ಎಂಥ ಗಂಭೀರ ಓದುಗರೂ ಅಷ್ಟು ಹೊತ್ತಿನಲ್ಲಿ ಒಮ್ಮೆಯಾದರೂ ಎದ್ದು ನೀರು ಕುಡಿಯುತ್ತಾರೆ. ಬೇಸಿಗೆಯ ಮಟ್ಟಿಗೆ ಆ ಅವಧಿಯನ್ನು ಒಂದೂವರೆ ಗಂಟೆಗೆ ಏರಿಸಿಕೊಳ್ಳಿ. ಎರಡು ಪಿಐಆರ್‌ಗಳನ್ನು ಅಕ್ಕಪಕ್ಕ ಹಾಕಿ ‘ಮತ್ತು’ ಎಂದು ಕೂಡಿಸುವುದನ್ನು ಮಾತ್ರ ಮಾಡಬೇಡಿ. ಒಂದು ಕುರುಡಾದ ಮಧ್ಯಾಹ್ನ ಇನ್ನೊಂದೂ ಕುರುಡಾಗಿರುತ್ತದೆ.

ಪ್ರಶ್ನೆ: ವರಾಂಡದಲ್ಲಿ ಬೆಳಕು 50 ಲಕ್ಸ್‌ಗಿಂತ ಕಡಿಮೆಯಾಗಿ, ಯಾರಾದರೂ ಓಡಾಡಿದರೆ ದೀಪ ಹೊತ್ತಬೇಕು, ಬೆಳಕು ಹೆಚ್ಚಾದರೆ ಆರಬೇಕು ಎಂದು ಬರೆದಿದ್ದೇನೆ. ಸಂಜೆಯಾದರೆ ದೀಪ ಮಿಣುಕುತ್ತದೆ.
— ಗೃಹಿಣಿ, ಮೈಸೂರು

ಉತ್ತರ: ನಿಮ್ಮ ಸೆನ್ಸರ್ ನಿಮ್ಮದೇ ದೀಪವನ್ನು ನೋಡಿ ಬೆಳಗಾಯಿತೆಂದು ತಿಳಿಯುತ್ತಿದೆ. ಬೆಂಗಳೂರಿನವರ ಮೋಟರು ತನ್ನ ವೋಲ್ಟೇಜನ್ನು ತಾನೇ ಇಳಿಸಿದಂತೆ, ಇಲ್ಲಿ ದೀಪ ತನ್ನ ಷರತ್ತನ್ನು ತಾನೇ ಮುರಿಯುತ್ತಿದೆ. ಬೆಳಕಿನ ಅಳತೆಯನ್ನು ಹೊತ್ತಿಸುವ ನಿಯಮದಲ್ಲಿ ಮಾತ್ರ ಇರಿಸಿ, ಆರಿಸುವ ನಿಯಮದಿಂದ ತೆಗೆದುಹಾಕಿ. ಆರಿಸುವುದು ಚಲನೆ ನಿಂತ ಎರಡು ನಿಮಿಷದ ಮೇಲೆ ಎಂದಿರಲಿ. ನಿಯಮದ ಮೋಡ್ (ಅದು ನಡೆಯುತ್ತಿರುವಾಗಲೇ ಮತ್ತೆ ಟ್ರಿಗರ್ ಬಂದರೆ ಏನು ಮಾಡಬೇಕೆಂಬ ಸೆಟ್ಟಿಂಗ್) ‘ರೀಸ್ಟಾರ್ಟ್’ ಎಂದಿದ್ದರೆ ಪ್ರತಿ ಹೊಸ ಚಲನೆಗೂ ಎರಡು ನಿಮಿಷದ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. ಮೊದಲಿಗೆ ಇರುವ ‘ಸಿಂಗಲ್’ ಮೋಡ್‌ನಲ್ಲಿ, ಎಣಿಕೆ ನಡೆಯುತ್ತಿರುವಾಗ ಬಂದ ಹೊಸ ಚಲನೆಯನ್ನು ಅದು ಗಮನಿಸುವುದೇ ಇಲ್ಲ.

ಪ್ರಶ್ನೆ: ಬಚ್ಚಲುಮನೆಯ ತೇವಾಂಶ ಶೇ 70 ದಾಟಿದರೆ ಎಕ್ಸಾಸ್ಟ್ ಫ್ಯಾನು ಓಡಬೇಕೆಂದು ಮಾಡಿದ್ದೇನೆ. ಏಪ್ರಿಲ್‌ವರೆಗೆ ತಕ್ಕಮಟ್ಟಿಗೆ ನಡೆಯಿತು. ಜೂನ್ ಬಂದ ಮೇಲೆ ಫ್ಯಾನು ಹಗಲೂ ರಾತ್ರಿ ನಿಲ್ಲುತ್ತಿಲ್ಲ. ಹೊರಗಿನ ಗಾಳಿಯೇ ಒದ್ದೆಯಾಗಿರುವಾಗ ಫ್ಯಾನಿನಿಂದ ಪ್ರಯೋಜನವಾದರೂ ಇದೆಯೆ?
— ಓದುಗರು, ಮಂಗಳೂರು

ಉತ್ತರ: ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಪ್ರಯೋಜನ ಇದೆ. ಬಿಸಿನೀರಿನ ಸ್ನಾನ ಮುಗಿದಾಗ ಬಚ್ಚಲಿನಲ್ಲಿ 32 ಡಿಗ್ರಿ ಉಷ್ಣತೆ, ಶೇ 95 ತೇವಾಂಶ ಇದೆ ಎಂದುಕೊಂಡರೆ ಪ್ರತಿ ಘನ ಮೀಟರ್ ಗಾಳಿಯಲ್ಲಿ ಸುಮಾರು 32 ಗ್ರಾಂ ನೀರಾವಿ ಇರುತ್ತದೆ. ಹೊರಗೆ ಮಳೆಯಲ್ಲಿ 25 ಡಿಗ್ರಿ, ಶೇ 90 ತೇವಾಂಶ ಇದ್ದರೆ ಅಷ್ಟೇ ಗಾಳಿಯಲ್ಲಿರುವುದು ಸುಮಾರು 21 ಗ್ರಾಂ. ಶೇಕಡಾವಾರು ಲೆಕ್ಕದಲ್ಲಿ ಎರಡೂ ಒಂದೇ ಬಗೆಯ ಒದ್ದೆಯಾಗಿ ಕಂಡರೂ ತೂಕದ ಲೆಕ್ಕದಲ್ಲಿ ಹೊರಗಿನದು ಬಹಳ ಒಣಗಿದ ಗಾಳಿ. ಬಚ್ಚಲು ತಣ್ಣಗಾದ ಮೇಲೆ ಮಾತ್ರ ಫ್ಯಾನು ವ್ಯರ್ಥವಾಗಿ ತಿರುಗುತ್ತದೆ.

ಹಾಗಾಗಿ ನೀವು ಕೇಳಬೇಕಾದದ್ದು ‘ಬಚ್ಚಲು ಒದ್ದೆಯಾಗಿದೆಯೆ’ ಎಂದಲ್ಲ, ‘ಮನೆಯ ಉಳಿದ ಭಾಗಕ್ಕಿಂತ ಒದ್ದೆಯಾಗಿದೆಯೆ’ ಎಂದು. ಮಲಗುವ ಕೋಣೆಯಲ್ಲಿ ಇನ್ನೊಂದು ಸೆನ್ಸರ್ ಇರಿಸಿ, ಎರಡರ ವ್ಯತ್ಯಾಸವನ್ನು ಲೆಕ್ಕ ಹಾಕುವ ಸೆನ್ಸರ್ ಒಂದನ್ನು ತಂತ್ರಾಂಶದಲ್ಲಿ ಮಾಡಿಕೊಳ್ಳಿ. ಮಳೆಗಾಲದಲ್ಲಿ ಕೋಣೆಯ ಅಂಕಿಯೇ 85 ಇರುವುದರಿಂದ ಶೇಕಡಾವಾರು ವ್ಯತ್ಯಾಸಕ್ಕೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಉಷ್ಣತೆಯನ್ನೂ ಸೇರಿಸಿ ಗ್ರಾಂ ಲೆಕ್ಕದ ತೇವಾಂಶವನ್ನೇ ಹೋಲಿಸುವುದು ಕರಾವಳಿಗೆ ಹೊಂದುವ ವಿಧಾನ. ಬಚ್ಚಲಿನದು ಕೋಣೆಯದಕ್ಕಿಂತ 4 ಗ್ರಾಂ ಹೆಚ್ಚಾದರೆ ಫ್ಯಾನು ಓಡಲಿ, ವ್ಯತ್ಯಾಸ 1.5 ಗ್ರಾಂಗೆ ಇಳಿದರೆ ನಿಲ್ಲಲಿ. ಈ ಎರಡು ಅಂಕಿಗಳು ಶುರು ಮಾಡಲು ಮಾತ್ರ. ಒಂದು ವಾರದ ದಾಖಲೆ ನೋಡಿ ನಿಮ್ಮ ಬಚ್ಚಲಿಗೆ ತಕ್ಕಂತೆ ತಿದ್ದಿಕೊಳ್ಳಿ.

ಎರಡು ಸೆನ್ಸರ್‌ಗಳ ವ್ಯತ್ಯಾಸವನ್ನು ನಂಬುವ ಮೊದಲು ಅವು ಪರಸ್ಪರ ಒಪ್ಪುತ್ತವೆಯೇ ಎಂದು ನೋಡಬೇಕು. ಅಗ್ಗದ ಸೆನ್ಸರ್‌ಗಳು ಶೇ 2ರಿಂದ 5ರಷ್ಟು ಹೆಚ್ಚುಕಡಿಮೆ ತೋರಿಸುವುದು ಸಾಮಾನ್ಯ. ಗಾಳಿಯಾಡದ ಡಬ್ಬಿಯೊಂದರಲ್ಲಿ ಒಂದು ಮುಚ್ಚಳ ಅಡುಗೆ ಉಪ್ಪು ಹಾಕಿ, ಅದು ಕರಗದೆ ಕೆಸರಾಗುವಷ್ಟೇ ನೀರು ಬೆರೆಸಿ, ಉಪ್ಪಿಗೆ ತಾಗದಂತೆ ಎರಡೂ ಸೆನ್ಸರ್‌ಗಳನ್ನು ಒಳಗಿಟ್ಟು ಒಂದು ದಿನ ಬಿಡಿ. 25 ಡಿಗ್ರಿಯಲ್ಲಿ ಆ ಡಬ್ಬಿಯ ಗಾಳಿಯ ತೇವಾಂಶ ಶೇ 75 ಆಗಿರುತ್ತದೆ. ಒಂದು 72, ಇನ್ನೊಂದು 79 ತೋರಿಸಿದರೆ ಆ ತಪ್ಪುಗಳನ್ನು ಲೆಕ್ಕದಲ್ಲಿ ಕಳೆದು ಕೂಡಿಸಿಕೊಳ್ಳಿ.

ಪ್ರಶ್ನೆ: ಅಡುಗೆಮನೆಯ ಗ್ಯಾಸ್ ಸೆನ್ಸರ್ ಒಗ್ಗರಣೆ ಹಾಕಿದಾಗಲೆಲ್ಲ ಬೊಬ್ಬೆಯಿಡುತ್ತದೆ. ‘ಗ್ಯಾಸ್ ಇದೆ, ಮತ್ತು ಅಡುಗೆಮನೆಯಲ್ಲಿ ಯಾರೂ ಇಲ್ಲ’ ಎಂಬ ಎರಡೂ ಕೂಡಿದರೆ ಮಾತ್ರ ಸೈರನ್ ಆಗಿ, ಎಕ್ಸಾಸ್ಟ್ ಫ್ಯಾನು ಓಡುವಂತೆ ಮಾಡಬಹುದೆ?
— ಓದುಗರು, ಬೆಳಗಾವಿ

ಉತ್ತರ: ದಯವಿಟ್ಟು ಮಾಡಬೇಡಿ. ಎರಡೂ ಭಾಗಗಳು ಅಪಾಯಕಾರಿ.

ದೀಪದ ವಿಷಯದಲ್ಲಿ ‘ಮತ್ತು’ ಹಾಕಿ ತಪ್ಪಾದರೆ ಕತ್ತಲೆಯಲ್ಲಿ ಎರಡು ಹೆಜ್ಜೆ ನಡೆಯಬೇಕಾಗುತ್ತದೆ, ಅಷ್ಟೆ. ಇಲ್ಲಿ ಪ್ರತಿಯೊಂದು ‘ಮತ್ತು’ ಎಚ್ಚರಿಕೆಯ ದಾರಿಯಲ್ಲಿ ಇನ್ನೊಂದು ಬಾಗಿಲನ್ನು ಮುಚ್ಚುತ್ತದೆ. ಸೋರುತ್ತಿರುವ ಗ್ಯಾಸಿನ ಅರಿವಿಲ್ಲದೆ ನೆಗಡಿಯಾದವರೊಬ್ಬರು ಅಡುಗೆಮನೆಯಲ್ಲಿ ನಿಂತಿದ್ದರೆ ನಿಮ್ಮ ನಿಯಮದಂತೆ ಸೈರನ್ ಆಗುವುದಿಲ್ಲ, ಸೈರನ್ ಅತ್ಯಂತ ಅಗತ್ಯವಿರುವುದು ಅವರಿಗೇ. ಅಪಾಯದ ಸೆನ್ಸರ್‌ಗಳನ್ನು ಕೂಡಿಸುವುದಾದರೆ ‘ಅಥವಾ’ದಿಂದ ಮಾತ್ರ ಕೂಡಿಸಬೇಕು. ಇನ್ನು ಫ್ಯಾನು: ಗ್ಯಾಸ್ ತುಂಬಿದ ಕೋಣೆಯಲ್ಲಿ ಸ್ವಿಚ್ ಅಥವಾ ರಿಲೇ ಬದಲಾಗುವಾಗ ಹಾರುವ ಕಿಡಿಯೇ ಬೆಂಕಿಗೆ ಸಾಕು. ಗಾಳಿಯಲ್ಲಿ ಎಲ್‌ಪಿಜಿ ಶೇ 2ರ ಆಸುಪಾಸು ಮುಟ್ಟಿದರೆ ಹೊತ್ತಿಕೊಳ್ಳಬಲ್ಲದು. ಸೋರಿಕೆ ತಿಳಿದಾಗ ಯಾವ ಸ್ವಿಚ್ಚನ್ನೂ ಹಾಕದೆ, ಆರಿಸದೆ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು ಹೊರಬಂದು ಎಲ್‌ಪಿಜಿ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಬೇಕು. ಮನೆಯವರಿಗೆ ಹೇಳಿಕೊಟ್ಟಿರುವ ಈ ಮಾತನ್ನು ಯಂತ್ರ ಮುರಿಯಬಾರದು.

ಸುಳ್ಳು ಕೂಗಿಗೆ ಮದ್ದು ನಿಯಮದಲ್ಲಿ ಇಲ್ಲ, ಸೆನ್ಸರ್ ಇರುವ ಜಾಗದಲ್ಲಿದೆ. ಅಗ್ಗದ ಗ್ಯಾಸ್ ಸೆನ್ಸರ್‌ಗಳು ಎಲ್‌ಪಿಜಿಗಲ್ಲದೆ ಸ್ಯಾನಿಟೈಸರ್‌ನ ಆಲ್ಕೋಹಾಲಿಗೂ ಅಡುಗೆಯ ಹೊಗೆಗೂ ಪ್ರತಿಕ್ರಿಯಿಸುತ್ತವೆ. ಎಲ್‌ಪಿಜಿ ಗಾಳಿಗಿಂತ ಭಾರವಾದ್ದರಿಂದ ನೆಲಕ್ಕೆ ಇಳಿಯುತ್ತದೆ. ಒಗ್ಗರಣೆಯ ಹೊಗೆ ಮೇಲಕ್ಕೇರುತ್ತದೆ. ನಿಮ್ಮ ಸೆನ್ಸರ್ ಒಲೆಯ ಮೇಲಿನ ಗೋಡೆಯಲ್ಲಿದ್ದರೆ ಅದು ಕಾಯುತ್ತಿರುವುದು ತಪ್ಪು ಬಾಗಿಲನ್ನು. ಸಿಲಿಂಡರಿನ ಬದಿಯಲ್ಲಿ, ನೆಲದಿಂದ ಒಂದಡಿಯೊಳಗೆ ತನ್ನದೇ ಸೈರನ್ ಇರುವ ಸ್ವತಂತ್ರ ಅಲಾರಂ ಹಾಕಿಸಿ. ನಿಮ್ಮ ಮೊಬೈಲಿಗೆ ಸಂದೇಶ ಕಳಿಸುವುದಷ್ಟೇ ಮನೆಯ ವ್ಯವಸ್ಥೆಯ ಕೆಲಸವಾಗಿರಲಿ.

ಪ್ರಶ್ನೆ: ನಾನು ಸಿಂಗಪುರದಲ್ಲಿದ್ದೇನೆ; ವಯಸ್ಸಾದ ಅಪ್ಪ ಅಮ್ಮ ಸಾಗರದ ಹತ್ತಿರದ ಹಳ್ಳಿಯಲ್ಲಿ ಇಬ್ಬರೇ ಇದ್ದಾರೆ. ಕ್ಯಾಮೆರಾ ಬೇಡವೆಂದು ಅಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ, ಅದು ಸರಿಯೂ ಹೌದು. ಬೆಳಿಗ್ಗೆ ಎಂಟರವರೆಗೆ ಅಡುಗೆಮನೆಯಲ್ಲಿ ಚಲನೆ ಕಾಣದಿದ್ದರೆ ನನಗೆ ಸಂದೇಶ ಬರುವಂತೆ ಮಾಡಿದೆ. ಒಂದು ತಿಂಗಳಲ್ಲಿ ನಾಲ್ಕು ಬಾರಿ ಎದೆ ಒಡೆದಂತಾಯಿತು. ನಾಲ್ಕೂ ಬಾರಿ ಏನೂ ಆಗಿರಲಿಲ್ಲ.
— ಓದುಗರು, ಸಿಂಗಪುರ

ಉತ್ತರ: ಇಲ್ಲಿಯವರೆಗಿನ ನಿಯಮಗಳು ಏನಾದರೂ ಆದರೆ ಎದ್ದೇಳುವಂಥವು. ನಿಮ್ಮದು ಏನೂ ಆಗದಿದ್ದರೆ ಎದ್ದೇಳಬೇಕಾದದ್ದು, ಹಾಗಾಗಿ ಹೆಚ್ಚು ಕಷ್ಟದ್ದು. ಸೆನ್ಸರ್ ಸುಮ್ಮನಿದೆ ಎಂದರೆ ಅಮ್ಮ ಎದ್ದಿಲ್ಲ ಎಂದೂ ಆಗಬಹುದು, ಬ್ಯಾಟರಿ ಮುಗಿದಿದೆ ಎಂದೂ ಆಗಬಹುದು, ಅವರು ಹಿತ್ತಿಲಲ್ಲಿ ಹೂ ಕೊಯ್ಯುತ್ತಿದ್ದಾರೆ ಎಂದೂ ಆಗಬಹುದು. ಈ ಮೂರನ್ನು ಬೇರ್ಪಡಿಸುವುದೇ ನಿಮ್ಮ ಕೆಲಸ.

ಮೊದಲು ಸಾಕ್ಷಿಗಳನ್ನು ಹೆಚ್ಚಿಸಿ, ಅವು ಬೇರೆ ಬೇರೆ ಬಗೆಯವಾಗಿರಲಿ. ಅಡುಗೆಮನೆಯ ಪಿಐಆರ್, ಬಚ್ಚಲು ಬಾಗಿಲು ತೆರೆದದ್ದನ್ನು ತಿಳಿಸುವ ಮ್ಯಾಗ್ನೆಟ್ ಸೆನ್ಸರ್, ಹಿತ್ತಿಲ ಬಾಗಿಲಿನದು ಇನ್ನೊಂದು, ಟೀವಿಯ ಪ್ಲಗ್ಗಿನಲ್ಲಿ ವಿದ್ಯುತ್ ಬಳಕೆ ಅಳೆಯುವ ಸ್ಮಾರ್ಟ್ ಪ್ಲಗ್. ಇವುಗಳಲ್ಲಿ ಯಾವುದೇ ಒಂದು ಐದರಿಂದ ಎಂಟರ ನಡುವೆ ಮಿಸುಕಿದರೂ ‘ಇವತ್ತು ಎದ್ದಿದ್ದಾರೆ’ ಎಂಬ ಗುರುತು ಬೀಳಲಿ. ಎಂಟಕ್ಕೆ ಆ ಗುರುತು ಇಲ್ಲದಿದ್ದರೆ ಮಾತ್ರ ಸಂದೇಶ ಹೊರಡಲಿ. ಎದ್ದಿದ್ದಾರೆ ಎನ್ನಲು ‘ಅಥವಾ’, ಎದ್ದಿಲ್ಲ ಎನ್ನಲು ಎಲ್ಲದರ ಮೌನ.

ಎರಡನೆಯದಾಗಿ, ಮೌನಕ್ಕೂ ಸಾವಿಗೂ ಇರುವ ವ್ಯತ್ಯಾಸ, ಸೆನ್ಸರ್‌ನ ಸಾವಿನ ಮಾತು ಹೇಳುತ್ತಿದ್ದೇನೆ. ಬ್ಯಾಟರಿಯ ಸೆನ್ಸರ್‌ಗಳು ಚಲನೆ ಇಲ್ಲದಾಗಲೂ ಆಗಾಗ ‘ಇದ್ದೇನೆ’ ಎಂದು ಕೇಂದ್ರಕ್ಕೆ (ಮನೆಯಲ್ಲಿ ಈ ನಿಯಮಗಳನ್ನು ನಡೆಸುವ ಯಂತ್ರಕ್ಕೆ) ವರದಿ ಕಳಿಸುತ್ತವೆ. ಬಹಳ ಹೊತ್ತು ವರದಿ ಬರದಿದ್ದರೆ ಹೋಮ್ ಅಸಿಸ್ಟೆಂಟಿನಂಥ ತಂತ್ರಾಂಶಗಳು ಆ ಸೆನ್ಸರ್ ಅನ್ನು ‘ಅನ್‌ಅವೈಲಬಲ್’ ಎಂದು ಗುರುತಿಸುತ್ತವೆ. ಅದಕ್ಕೆ ಪ್ರತ್ಯೇಕ ನಿಯಮ, ಪ್ರತ್ಯೇಕ ಸಂದೇಶ ಇರಲಿ: ‘ಅಡುಗೆಮನೆಯ ಸೆನ್ಸರ್ ಬ್ಯಾಟರಿ ನೋಡಬೇಕು’ ಎಂಬ ಮಾತು ಓದಿ ಯಾರ ಎದೆಯೂ ಒಡೆಯುವುದಿಲ್ಲ.

ಮೂರನೆಯದು ಮಲೆನಾಡಿನ ಮಳೆಗಾಲದ ವಾಸ್ತವ. ಕರೆಂಟು, ಇಂಟರ್ನೆಟ್ ಎರಡೂ ಹೋದ ದಿನ ಆ ಮನೆಯಿಂದ ಯಾವ ಸಂದೇಶವೂ ಹೊರಡುವುದಿಲ್ಲ, ಸಂದೇಶ ಬರಲಿಲ್ಲವೆಂದು ನೀವು ನಿಶ್ಚಿಂತರಾಗಿರುತ್ತೀರಿ. ಆದ್ದರಿಂದ ದಿನವೂ ಬೆಳಗ್ಗೆ ‘ಎದ್ದಿದ್ದಾರೆ’ ಎಂಬ ಗುರುತು ಬಿದ್ದ ಕೂಡಲೇ ಒಂದು ಸಣ್ಣ ಸಂದೇಶ ನಿಮಗೆ ಬರಲಿ, ಅದು ಬಾರದ ದಿನ ನೀವಾಗಿಯೇ ಫೋನ್ ಮಾಡಿ. ಕಾಯುವ ಗಡಿಯಾರ ಸಿಂಗಪುರದಲ್ಲಿರಲಿ. ನಿಮ್ಮ ಸಮಯ ಇಲ್ಲಿಗಿಂತ ಎರಡೂವರೆ ಗಂಟೆ ಮುಂದಿದೆ ಎಂಬುದನ್ನು ನೆನಪಿಡಿ. ಸಾಗರದ ಎಂಟು ಗಂಟೆ ನಿಮಗೆ ಹತ್ತೂವರೆ. ನಿಮ್ಮ ಫೋನಿನಿಂದ ಬರೆದ ನಿಯಮದಲ್ಲಿ ಸಮಯ ವಲಯ ಸಿಂಗಪುರದ್ದೆಂದು ಉಳಿದಿದ್ದರೆ, ನಾಲ್ಕು ಸುಳ್ಳು ಗಾಬರಿಗಳಿಗೆ ಕಾರಣ ಅದೇ ಇರಬಹುದು: ನಿಮ್ಮ ಎಂಟು ಎಂದರೆ ಅವರಿಗಿನ್ನೂ ಬೆಳಗಿನ ಐದೂವರೆ.

ಸಂದೇಶ ಬಂದಾಗ ಮೊದಲು ಅಪ್ಪನಿಗೆ, ಆಮೇಲೆ ಪಕ್ಕದ ಮನೆಯವರಿಗೆ ಫೋನ್ ಮಾಡುವ ಕ್ರಮವನ್ನು ಈಗಲೇ ಮಾತಾಡಿಕೊಂಡಿರಿ. ಯಾವ ಬಾಗಿಲಿಗೆ ಏನು ಹಾಕಿದ್ದೀರಿ ಎಂಬುದನ್ನು ಅಮ್ಮನಿಗೆ ತೋರಿಸಿ ಒಪ್ಪಿಗೆ ಪಡೆಯಿರಿ. ಕ್ಯಾಮೆರಾ ಬೇಡವೆಂದವರು ಬಚ್ಚಲು ಬಾಗಿಲಿನ ಮ್ಯಾಗ್ನೆಟ್ಟನ್ನೂ ಬೇಡವೆನ್ನಬಹುದು. ಆಗ ಟೀವಿ ಮತ್ತು ಹಿತ್ತಿಲ ಬಾಗಿಲು ಸಾಕು.

ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಕರೆಂಟು ಹೋಗಿ ಬಂದರೆ ಮನೆಯ ಎಲ್ಲ ಸ್ಮಾರ್ಟ್ ಬಲ್ಬುಗಳೂ ಪೂರ್ಣ ಬೆಳಕಿನಲ್ಲಿ ಹೊತ್ತಿಕೊಳ್ಳುತ್ತವೆ, ಜೊತೆಗೆ ‘ಬಾಗಿಲು ತೆರೆದಿದೆ’ ಎಂಬ ಎಚ್ಚರಿಕೆಯೂ ಬರುತ್ತದೆ. ಬಾಗಿಲು ಮುಚ್ಚಿಯೇ ಇರುತ್ತದೆ.
— ಓದುಗರು, ತುಮಕೂರು

ಉತ್ತರ: ಇವು ಎರಡು ಬೇರೆ ಕಾಯಿಲೆಗಳು. ಕರೆಂಟು ಬಂದಾಗ ಹೊತ್ತಿಕೊಳ್ಳುವುದು ಬಲ್ಬಿನ ಹುಟ್ಟುಗುಣ. ಗೋಡೆಯ ಸ್ವಿಚ್ ಹಾಕಿದವರಿಗೆ ಬೆಳಕು ಸಿಗಲಿ ಎಂದು ಕಂಪನಿಗಳು ಹಾಗೆ ಇಟ್ಟಿರುತ್ತವೆ. ಹೆಚ್ಚಿನ ಬಲ್ಬುಗಳ ಸೆಟ್ಟಿಂಗ್‌ನಲ್ಲಿ ‘ಕರೆಂಟು ಬಂದಾಗ ಹಿಂದಿನ ಸ್ಥಿತಿಗೆ ಮರಳು’ ಎಂಬ ಆಯ್ಕೆ ಇರುತ್ತದೆ, ಅದನ್ನು ಒಂದೊಂದು ಬಲ್ಬಿಗೂ ಆಯ್ದುಕೊಳ್ಳಿ.

ಬಾಗಿಲಿನ ಎಚ್ಚರಿಕೆ ನಿಯಮದ ತಪ್ಪು. ಕೇಂದ್ರ ಮತ್ತೆ ಎದ್ದಾಗ ಪ್ರತಿ ಸೆನ್ಸರ್ ಮೊದಲು ‘ಗೊತ್ತಿಲ್ಲ’ ಎಂಬ ಸ್ಥಿತಿಯಲ್ಲಿದ್ದು ಆಮೇಲೆ ತನ್ನ ನಿಜ ಸ್ಥಿತಿಗೆ ಬರುತ್ತದೆ, ಕೆಲವು ನಡುವೆ ಒಮ್ಮೆ ಹಳೆಯ ಸ್ಥಿತಿಯನ್ನೋ ತಪ್ಪು ಸ್ಥಿತಿಯನ್ನೋ ಹೇಳಿಬಿಡುತ್ತವೆ. ನಿಮ್ಮ ಟ್ರಿಗರ್ ‘ಬಾಗಿಲು ತೆರೆದ ಸ್ಥಿತಿಗೆ ಬಂದರೆ’ ಎಂದಷ್ಟೇ ಇರುವುದರಿಂದ, ಎಲ್ಲಿಂದ ಬಂದಿತು ಎಂದು ಅದು ಕೇಳುವುದಿಲ್ಲ. ‘ಮುಚ್ಚಿದ ಸ್ಥಿತಿಯಿಂದ ತೆರೆದ ಸ್ಥಿತಿಗೆ’ ಎಂದು ಎರಡೂ ತುದಿಗಳನ್ನು ಬರೆಯಿರಿ. ಅದರ ಜೊತೆಗೆ ‘ಕೇಂದ್ರ ಎದ್ದು ಮೂರು ನಿಮಿಷ ಕಳೆದಿದೆ’ ಎಂಬ ಷರತ್ತನ್ನೂ ಸೇರಿಸಿ. ಇನ್ನೊಂದು ಸಂಗತಿ: ‘ಹತ್ತು ನಿಮಿಷ ತೆರೆದೇ ಇದ್ದರೆ’ ಎಂಬಂಥ ಎಣಿಕೆಗಳು ಕೇಂದ್ರ ಮರುಚಾಲನೆಯಾದಾಗ ಅಳಿಸಿಹೋಗುತ್ತವೆ. ಬಾಗಿಲು ನಿಜವಾಗಿಯೂ ತೆರೆದಿದ್ದ ರಾತ್ರಿ ಕರೆಂಟು ಹೋಗಿ ಬಂದರೆ ಆ ಎಚ್ಚರಿಕೆ ಬರುವುದೇ ಇಲ್ಲ. ಕೇಂದ್ರ ಎದ್ದ ಮೂರು ನಿಮಿಷಕ್ಕೆ ಎಲ್ಲ ಬಾಗಿಲುಗಳ ಸ್ಥಿತಿಯನ್ನು ಒಮ್ಮೆ ವಿಚಾರಿಸುವ ನಿಯಮ ಬೇರೆಯಾಗಿಯೇ ಇರಲಿ. ರೂಟರ್ ಮತ್ತು ಕೇಂದ್ರ ಎರಡನ್ನೂ ಇನ್ವರ್ಟರಿನ ಲೈನಿಗೆ ಸೇರಿಸಿದರೆ ಈ ತೊಂದರೆಯ ಬಹುಪಾಲು ಹುಟ್ಟುವುದೇ ಇಲ್ಲ. ಅವೆರಡೂ ಸೇರಿ ಎಳೆಯುವುದು ಸಾಮಾನ್ಯವಾಗಿ ಒಂದು ಟ್ಯೂಬ್‌ಲೈಟಿನಷ್ಟು ಕರೆಂಟು.